ಚೀಲದ ಮೇಲಿನ ಹೆಸರು

ಮೂರು ದಿನ ಬಿಡದೆ ಬೀಸಿದ ಬಡಗಣ ಗಾಳಿ ಆ ಸೋಮವಾರ ಬೆಳಿಗ್ಗೆ ನಿಂತಿತ್ತು. ಕೊಲ್ಲಪೆರ್ತೊ ಊರಿನ ಕೆಳಗಿನ ಇಳಿಜಾರಿನಲ್ಲಿ ಎಲ್ಪೀದಿಯೊ ಪ್ರೊಯೆತ್ತಿ ಏಣಿಯ ಮೇಲೆ ನಿಂತು, ಆಲಿವ್ ಕೊಂಬೆಯೊಂದನ್ನು ಎಡಗೈಯಲ್ಲಿ ಬಾಗಿಸಿ ಹಿಡಿದು, ಬಲಗೈ ಬೆರಳುಗಳಿಂದ ಬುಡದಿಂದ ತುದಿಯವರೆಗೆ ಎಳೆಯುತ್ತಿದ್ದ. ಹಸುವಿನ ಹಾಲು ಕರೆಯುವ ಹಾಗೆಯೇ ಅದು. ಬಿಗಿ ಹೆಚ್ಚಾದರೆ ಮುಂದಿನ ವರ್ಷದ ಚಿಗುರು ಮುರಿಯುತ್ತದೆ, ಕಡಿಮೆಯಾದರೆ ಕಾಯಿ ಕಳಚುವುದಿಲ್ಲ. ಅರ್ಧ ಹಸಿರು, ಅರ್ಧ ಕಪ್ಪು ಕಾಯಿಗಳು ಕೆಳಗೆ ಹಾಸಿದ್ದ ಗೋಣಿಬಟ್ಟೆಯ ಮೇಲೆ ಟಪಟಪ ಉದುರುತ್ತಿದ್ದವು. ಪಕ್ಕದ ಮರದಲ್ಲಿ ಮಗ ಇಲಾರಿಯೊ. ಕೆಳಗೆ ಹೆಂಡತಿ ವೆರೀನಾ ಬಟ್ಟೆಯ ಅಂಚು ಎತ್ತಿ ಕಾಯಿಗಳನ್ನು ನಡುವಿಗೆ ಉರುಳಿಸುತ್ತಿದ್ದಳು. ಮಾರನೆಯ ದಿನ ಮಧ್ಯಾಹ್ನ ಗಾಣದಲ್ಲಿ ಇವರ ಸರದಿ. ಅಷ್ಟರೊಳಗೆ ಇನ್ನೂ ಹನ್ನೊಂದು ಮರ ಇಳಿಸಬೇಕಿತ್ತು.

ಬಟ್ಟೆಯ ಮೂಲೆಯಲ್ಲಿ ಮಗುಚಿಟ್ಟ ಬುಟ್ಟಿಯೊಂದು ಹಾಗೇ ಇತ್ತು. ಅದು ಅರ್ಜೀಯಾ ಅತ್ತೆ ಕೂರುವ ಜಾಗ. ಎಂಬತ್ತನಾಲ್ಕು ವರ್ಷದ ಮುದುಕಿ ಪ್ರತಿ ಸುಗ್ಗಿಯಲ್ಲೂ ಅಲ್ಲಿ ಕುಳಿತು ಕಾಯಿಯಿಂದ ಎಲೆ ಬೇರೆ ಮಾಡುತ್ತಿದ್ದಳು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಆ ದಿನ ಬಿಸಿಲು ಅಂಗಳಕ್ಕೆ ಇಳಿದರೂ ಅವಳು ಬಂದಿರಲಿಲ್ಲ.

"ಅತ್ತೆಗೆ ಮೈ ಸರಿ ಇಲ್ವಾ?" ಎಂದು ಎಲ್ಪೀದಿಯೊ ಮೇಲಿನಿಂದಲೇ ಕೇಳಿದ.

"ಮೈಗೇನಾಗಿದೆ? ಗುಂಡುಕಲ್ಲು," ಎಂದಳು ವೆರೀನಾ. "ನಿನ್ನೆ ಪೂಜೆ ಮುಗಿಸ್ಕೊಂಡು ಬರ್ತಾ ಪಂಚಾಯ್ತಿ ಕಚೇರಿ ಬೋರ್ಡಿನ ಮುಂದೆ ನಿಂತಿದ್ಲು. ಬೇಕರಿಯವಳು ಅದೇನೋ ಓದಿ ಹೇಳ್ತಿದ್ಲು. ನಾನು ಹತ್ರ ಹೋಗೋಷ್ಟ್ರಲ್ಲಿ ಶಾಲು ಕೊಡವಿಕೊಂಡು ಹೊರಟೇಬಿಟ್ಲು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಅವಳು! ಒಂದು ಮಾತಿಲ್ಲ!"

ಎಲ್ಪೀದಿಯೊನ ಕೈ ಕೊಂಬೆಯ ಮೇಲೆಯೇ ನಿಂತಿತು. ಪಕ್ಕದ ಮರದಲ್ಲಿ ಇಲಾರಿಯೊನ ಕೈಯೂ ನಿಂತದ್ದು ಅವನಿಗೆ ಕೇಳಿಸಿತು.

ಬೋರ್ಡಿನ ಮೇಲಿದ್ದ ಕಾಗದ ಇವರದೇ. ಮೇ ತಿಂಗಳಲ್ಲಿ ಅಪ್ಪ, ಮಗ ಇಬ್ಬರೂ ಸಹಿ ಹಾಕಿ ಕೊಟ್ಟಿದ್ದ ಅರ್ಜಿ ಪಟ್ಟಣಕ್ಕೆ ಹೋಗಿ, ಅಲ್ಲಿ ಯಾವ್ಯಾವುದೋ ಮೇಜು ಹತ್ತಿ ಇಳಿದು, ಈಗ ಮುದ್ರೆ ಹೊತ್ತು ಹಿಂದಿರುಗಿತ್ತು. ಪ್ರೊಯೆತ್ತಿ ಎಂಬ ಮನೆತನದ ಹೆಸರನ್ನು ಬಿಟ್ಟು ತಬರ್ರೀನಿ ಎಂದು ಇಟ್ಟುಕೊಳ್ಳಲು ಇವರು ಅನುಮತಿ ಕೇಳಿದ್ದಾರೆ. ಯಾರದಾದರೂ ತಕರಾರಿದ್ದರೆ ಮೂವತ್ತು ದಿನದೊಳಗೆ ಬಂದು ಹೇಳಬಹುದು ಎಂದು ಅದರಲ್ಲಿ ಬರೆದಿತ್ತು. ತಕರಾರು ಹೇಳುವವರು ಯಾರು? ಆ ಊರಿನಲ್ಲಿ ತಬರ್ರೀನಿ ಎಂಬ ಹೆಸರಿನವರು ಉಳಿದಿದ್ದದ್ದು ಒಬ್ಬಳೇ, ಮದುವೆಯಾಗದೆ ಮುದುಕಿಯಾದ ಅರ್ಜೀಯಾ. ಅವಳಿಗೆ ಸಂತೋಷವೇ ಆಗುತ್ತದೆ ಎಂದುಕೊಂಡು ಇವರು ಅವಳನ್ನು ಕೇಳಿರಲೇ ಇಲ್ಲ.

ಪ್ರೊಯೆತ್ತಿ ಎಂದರೆ ಬಿಸಾಕಿದವರು. ಆ ಸೀಮೆಯಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೆತ್ತವರು ಬೇಡವೆಂದ ಮಗುವನ್ನು ಪಟ್ಟಣದ ಆಸ್ಪತ್ರೆಯ ಗೋಡೆಯಲ್ಲಿದ್ದ ತಿರುಗುವ ತೊಟ್ಟಿಲಿನಲ್ಲಿಟ್ಟು ಗಂಟೆ ಬಾರಿಸಿ ಹೋದರೆ, ಒಳಗಿನ ಸನ್ಯಾಸಿನಿಯರು ತೊಟ್ಟಿಲು ತಿರುಗಿಸಿ ಎತ್ತಿಕೊಳ್ಳುತ್ತಿದ್ದರು. ಮೊದಲ ಹೆಸರು ಆ ದಿನದ ಸಂತನದು. ಮನೆತನದ ಹೆಸರು ಮಾತ್ರ ಎಲ್ಲ ಮಕ್ಕಳಿಗೂ ಒಂದೇ. ಎಲ್ಪೀದಿಯೊನ ಅಪ್ಪ ಕ್ರಿಸ್ಪೀನೊ ಎಂಟು ದಿನದ ಕೂಸಾಗಿ, ಕೊರಳಿನ ದಾರದಲ್ಲಿ ಸೀಸದ ಮುದ್ರೆ ನೇತುಹಾಕಿಕೊಂಡು, ಹೇಸರಗತ್ತೆಯ ಮೇಲಿನ ಬುಟ್ಟಿಯಲ್ಲಿ ಈ ಗುಡ್ಡ ಹತ್ತಿ ಬಂದಿದ್ದ. ಎರಡು ತಿಂಗಳ ಅರ್ಜೀಯಾಳಿಗೆ ಹಾಲೂಡುತ್ತಿದ್ದ ಮದ್ದಲೇನಾ ತಬರ್ರೀನಿ ಅವನನ್ನು ಇನ್ನೊಂದು ಮೊಲೆಗೆ ಹಾಕಿಕೊಂಡಳು. ಹೀಗೆ ಅರ್ಜೀಯಾ ಅವನಿಗೆ ಹಾಲಕ್ಕ, ಅವನ ಮಗನಿಗೆ ಅತ್ತೆ ಆದಳು.

"ಏನಂತೆ ಅವಳಿಗೆ ಕೋಪ?" ಇಲಾರಿಯೊ ಕೊಂಬೆಗಳ ನಡುವಿನಿಂದ ಕೇಳಿದ. "ಅವಳ ಮನೆ ಹೆಸರನ್ನೇ ತಾನೆ ನಾವು ಕೇಳಿರೋದು? ಬೀದೀಲಿ ಹೋಗೋರ ಹೆಸರಲ್ವಲ್ಲ."

"ಹೇಳಿರಲಿಲ್ವಲ್ಲ ಮಗಾ. ಅದಕ್ಕಿರಬೇಕು."

"ಹೇಳ್ತೀನಿ ಹೇಳ್ತೀನಿ ಅಂತ ಆರು ತಿಂಗಳು ಮಾಡಿದವನು ನೀನು." ಇಲಾರಿಯೊ ಒಂದು ಹಿಡಿ ಕಾಯಿಯನ್ನು ಬೇಕೆಂದೇ ಜೋರಾಗಿ ಎಳೆದ. "ನೀನು ಈ ಗುಡ್ಡ ಬಿಟ್ಟು ಇಳಿದವನಲ್ಲ ಅಪ್ಪ. ಇಲ್ಲಿ ಯಾರೂ ಏನೂ ಅನ್ನಲ್ಲ, ಸರಿ. ಸೈನ್ಯದಲ್ಲಿ ನಾನು ಹದಿನೆಂಟು ತಿಂಗಳು ಇದ್ದೆ. ದಿನಾ ಬೆಳಿಗ್ಗೆ ಹಾಜರಿ ಕೂಗೋವಾಗ ನನ್ನ ಹೆಸರು ಬಂತು ಅಂದ್ರೆ ಹವಾಲ್ದಾರ ನನ್ನ ಟೋಪೀನ ಕಿತ್ತು ಕೊಚ್ಚೇಲಿ ಎಸೀತಿದ್ದ. 'ಬಿಸಾಕಿದೋನೇ, ಹೋಗಿ ನಿನ್ನ ಅಣ್ಣನ್ನ ಎತ್ಕೊಂಡು ಬಾ' ಅಂತ. ಎಲ್ಲರೂ ನಗೋರು. ಆಮೇಲಾಮೇಲೆ ನಾನೂ ನಗೋಕೆ ಕಲಿತೆ. ನನ್ನ ಮಗ ಅದನ್ನ ಕಲೀಬಾರದು ಅಷ್ಟೆ."

ಇದನ್ನು ಅವನು ಮನೆಯಲ್ಲಿ ಎಂದೂ ಹೇಳಿರಲಿಲ್ಲ. ವೆರೀನಾ ಬಟ್ಟೆಯ ಅಂಚು ಹಿಡಿದವಳು ಹಾಗೇ ತಲೆಯೆತ್ತಿ ಮಗನನ್ನು ನೋಡಿದಳು.

ಅರ್ಜಿಯ ಮಾತು ಹೊರಟದ್ದು ಗಾಣದ ಯಜಮಾನ ಸೆತ್ತೀಮಿಯೊ ಫ್ರಾತೀನಿಯಿಂದ. ಅವನ ಒಬ್ಬಳೇ ಮಗಳು ದಿಯೊಮೀರಾಳಿಗೂ ಇಲಾರಿಯೊನಿಗೂ ಈಸ್ಟರ್ ಕಳೆದ ಮೇಲೆ ಮದುವೆ ಎಂದಾಗಿತ್ತು. ಗಂಡುಮಕ್ಕಳಿಲ್ಲದ ಫ್ರಾತೀನಿ ಅಳಿಯನನ್ನೇ ಗಾಣಕ್ಕೆ ಸೇರಿಸಿಕೊಳ್ಳುವವನಿದ್ದ. ಕೆಟ್ಟ ಮನುಷ್ಯನಲ್ಲ. "ನನಗೇನೂ ಇಲ್ಲ ಬೀಗರೇ," ಎಂದು ಗಂಟಲು ಸರಿಮಾಡಿಕೊಂಡು ಹೇಳಿದ್ದ. "ಆದರೆ ಗಾಣದ ಬಾಗಿಲ ಮೇಲೆ ಬೋರ್ಡು ಹಾಕಿಸೋನು ನಾನು. 'ಫ್ರಾತೀನಿ ಮತ್ತು ಬಿಸಾಕಿದೋರು' ಅಂತ ಬರೆಸಲಾ? ಪಟ್ಟಣದ ವ್ಯಾಪಾರಿ ನೋಡಿ ನಗ್ತಾನೆ. ಕಾನೂನು ಬಿಡ್ತದೆ ಅಂದ್ಮೇಲೆ ಬದಲಾಯಿಸಿದ್ರೆ ಏನು ಹೋಯ್ತು?" ಏನು ಹೋಯಿತು ಎಂದು ಎಲ್ಪೀದಿಯೊನಿಗೂ ಆಗ ಹೊಳೆದಿರಲಿಲ್ಲ. ವೆರೀನಾ ಒಬ್ಬಳೇ, "ಹಂಗಾದ್ರೆ ಆ ಚೀಲಗಳೆಲ್ಲ? ಮೂವತ್ತಾರು ಚೀಲದ ಮೇಲೂ ಮಾವ ಡಾಂಬರಲ್ಲಿ ಬರೆದವ್ರೆ. ಒಗೆದ್ರೆ ಹೋಗಲ್ಲ ಅದು," ಎಂದಿದ್ದಳು. ಎಲ್ಲರೂ ನಕ್ಕಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಪೀದಿಯೊ ಹುರುಳಿಕಾಯಿ ಬೀಜದ ಸಾರನ್ನು ಒಂದು ಮಡಕೆಗೆ ಬಗ್ಗಿಸಿಕೊಂಡು, ಮೇಲೆ ತಟ್ಟೆ ಮುಚ್ಚಿ, ಅಂಗಳ ದಾಟಿ ಅತ್ತೆಯ ಮನೆಗೆ ಹೋದ. ಒಂದೇ ಕೋಣೆಯ ಮನೆ ಅದು. ಹಿಂದೆ ದೊಡ್ಡದಿತ್ತು; ಉಳಿದ ಭಾಗದ ಮಾಡು ಯುದ್ಧಕ್ಕೂ ಮೊದಲೇ ಕುಸಿದಿತ್ತು. ಅರ್ಜೀಯಾ ಒಲೆಯ ಮುಂದೆ ಕುಳಿತು, ಇಗರ್ಜಿಗೆ ಹಾಕಿಕೊಂಡು ಹೋಗುವ ತನ್ನ ಕಪ್ಪು ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು ಹಂದಿಯ ಕೊಬ್ಬು ಹಚ್ಚಿ ಉಜ್ಜುತ್ತಿದ್ದಳು.

"ಬನ್ನಿ, ಬನ್ನಿ ತಬರ್ರೀನಿ ಯಜಮಾನ್ರೇ," ಎಂದಳು. "ಮಣೆ ಹಾಕಲಾ?"

"ಅತ್ತೆ, ನಿಂಗೆ ಹೇಳ್ಬೇಕು ಅಂತಾನೇ ಇದ್ದೆ."

"ಯಾವಾಗ? ನನ್ನ ಮಣ್ಣು ಮಾಡಿ ಬಂದ್ಮೇಲಾ?"

ಎಲ್ಪೀದಿಯೊ ಮಡಕೆಯನ್ನು ಒಲೆಯ ಕಟ್ಟೆಯ ಮೇಲಿಟ್ಟ. ಐವತ್ತೆಂಟು ವರ್ಷದ ಅವನಿಗೆ ಈ ಮನೆಯಲ್ಲಿ ಕೂರುವಾಗ ಮಾತ್ರ ಇವತ್ತಿಗೂ ತಾನು ಚಿಕ್ಕವನು ಅನಿಸುತ್ತಿತ್ತು. "ನಿಂಗೆ ಖುಷಿ ಆಗುತ್ತೆ ಅಂದ್ಕೊಂಡೆ. ನಿನ್ನ ಜೊತೆಗೇ ನಿಮ್ಮ ಮನೆ ಹೆಸರು ಮುಗಿದು ಹೋಗ್ತದೆ. ನಾವಿಟ್ಕೊಂಡ್ರೆ ಉಳೀತದೆ. ನಿಮ್ಮಮ್ಮ ಹಾಲು ಕೊಟ್ಟು ಅಪ್ಪನ್ನ ಸಾಕಿದ್ಲು. ಅವಳ ಋಣ ತೀರಿಸಿದ ಹಾಗೂ ಆಗ್ತದೆ ಅಂತ..."

"ಋಣ!" ಅರ್ಜೀಯಾ ಬೂಟು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಹಾಲಿಂದು ಅವತ್ತಿಂದು ಅವತ್ತಿಗೇ ಚುಕ್ತಾ ಕಣೋ. ಆಸ್ಪತ್ರೆಯಿಂದ ತಿಂಗಳು ತಿಂಗಳು ಕೊಡೋರು. ಅದ್ರಲ್ಲಿ ನಮ್ಮಪ್ಪ ಹಂದಿ ಕೊಂಡ. ನನ್ನ ಅಣ್ಣಂದಿರು ಆ ಹಂದಿ ತಿಂದ್ರು. ಅಮ್ಮ ಒಳ್ಳೇವಳು, ಇಲ್ಲ ಅನ್ನಲ್ಲ. ಎಡಕ್ಕೆ ನಾನು, ಬಲಕ್ಕೆ ಅವನು. ಯಾರಿಗೂ ಕಮ್ಮಿ ಮಾಡಲಿಲ್ಲ. ಆದರೆ ಎದೆಹಾಲು ಬತ್ತೋವರೆಗೂ ಅಷ್ಟೇ ಅವಳ ರಾಜ್ಯ. ಆಮೇಲೆ ಮನೆ ನಡೆಸ್ತಿದ್ದದ್ದು ಅಪ್ಪ."

ಅವಳು ಬೂಟನ್ನು ಬೆಳಕಿಗೆ ಹಿಡಿದು ನೋಡಿ, ಸಾಲದೆಂದು ಮತ್ತೆ ಬಟ್ಟೆಯನ್ನು ಕೊಬ್ಬಿಗೆ ಅದ್ದಿದಳು.

"ವರ್ಷಕ್ಕೊಂದ್ಸಲ ಅವನಿಗೆ ಅಂತ ಒಂದು ಜೊತೆ ಬೂಟು ಬರ್ತಿತ್ತು. ಗೊತ್ತಾ ನಿಂಗೆ?"

"ಇಲ್ಲ."

"ಹೇಳೋ ಜಾತಿಯವನಲ್ಲ ಅವನು. ತಳಕ್ಕೆ ಮೊಳೆ ಹೊಡೆದ ಒಳ್ಳೇ ಬೂಟು, ಹಿಮ್ಮಡೀಲಿ ಆಸ್ಪತ್ರೆ ಮುದ್ರೆ. ಜೋಡು ಹೊಲಿಯೋರ ಸಂತನ ಹಬ್ಬದ ದಿನ ತೊಟ್ಟಿಲಲ್ಲಿ ಸಿಕ್ಕಿದೋನು ಅಂತ ಆ ಸಂತನ ಹೆಸರೇ ಇಟ್ಟಿದ್ರಲ್ಲ, ಕ್ರಿಸ್ಪೀನೊ ಅಂತ. ಹೆಸರು ಜೋಡಿನ ಸಂತಂದು, ಕಾಲಲ್ಲಿ ಜೋಡಿಲ್ಲ!" ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಆ ಬೂಟು ಹಾಕ್ಕೊಂಡು ಓಡಾಡಿದೋಳು ನಾನು ಎಲ್ಪೀ. ಅಪ್ಪ ಅದನ್ನ ಮೇಲಿನ ಬೀದಿ ಮೋಚಿ ಹತ್ರ ತಗೊಂಡ್ಹೋಗಿ ನನ್ನ ಅಳತೆಗೆ ಕೂರಿಸ್ಕೊಂಡು ಬರೋನು. ಮೊದಲ ಪ್ರಸಾದ ತಗೊಳ್ಳೋಕೆ ನಾನು ಇಗರ್ಜಿಗೆ ಹೋಗಿದ್ದು ಅದನ್ನೇ ಹಾಕ್ಕೊಂಡು. ಅವನು ನನ್ನ ಹಿಂದೆ ಬರಿಗಾಲಲ್ಲಿ."

"ಆಸ್ಪತ್ರೆಯವ್ರು ನೋಡೋಕೆ ಬರ್ತಿರಲಿಲ್ವಾ?"

"ಬರ್ತಿದ್ರು, ವಸಂತದಲ್ಲಿ. ಪಾದ್ರಿಗಳ ಜೊತೆ ಒಬ್ಬ ಬರೋನು. ಗುಡ್ಡದ ಕೆಳಗೆ ಹೇಸರಗತ್ತೆ ಕಾಣಿಸ್ತು ಅಂದ್ರೆ ಅಮ್ಮ ನನ್ನ ಕಾಲಿಂದ ಎಳೆದು ಅವನ ಕಾಲಿಗೆ ತುರುಕೋಳು. ನಮಗೆ ಒಂಬತ್ತು ವರ್ಷ ಆಗಿದ್ದಾಗ, ಅವನ ಪಾದ ನನಗಿಂತ ಎರಡು ಬೆರಳು ಉದ್ದ ಬೆಳೆದಿತ್ತು. ಹೆಂಗೆ ತುರುಕಿದ್ಲೋ ದೇವರಿಗೇ ಗೊತ್ತು. ಆ ಮನುಷ್ಯ ಬಗ್ಗಿ ಬೂಟಿನ ತುದೀನ ಹೆಬ್ಬೆರಳಲ್ಲಿ ಒತ್ತಿ ನೋಡ್ದ. 'ಬಿಗಿಯಾಗ್ತದಾ ಮರಿ?' ಅಂದ. ಇವನು ಒಳಗೆ ಬೆರಳು ಅಷ್ಟೂ ಮಡಿಸ್ಕೊಂಡು ನಿಂತಿದಾನೆ. 'ಇಲ್ಲ ಸ್ವಾಮೀ, ಸರಿಯಾಗಿವೆ' ಅಂದ. ಅವರು ಹೋದ್ಮೇಲೆ ಬಿಚ್ಚಿದ್ರೆ ಹೆಬ್ಬೆರಳ ಉಗುರೂ ಬೂಟಿನ ಜೊತೆಗೇ ಬಂತು. ಅಳಲಿಲ್ಲ. ನನ್ನ ಮುಂದೆ ಚಾಚಿ, 'ತಗೋ ಅರ್ಜೀ, ನಿನ್ನ ಬೂಟು' ಅಂದ. ನಿನ್ನ ಬೂಟು ಅಂತ!"

ಒಲೆಯಲ್ಲಿ ಕೊಳ್ಳಿಯೊಂದು ಜಾರಿತು. ಎಲ್ಪೀದಿಯೊ ಅದನ್ನು ಒಳಕ್ಕೆ ತಳ್ಳಿದ. ತಳ್ಳಿದ ಮೇಲೂ ಕೈ ಹಿಂದಕ್ಕೆ ತೆಗೆಯಲು ಹೊತ್ತಾಯಿತು.

ಅಪ್ಪ ಸತ್ತ ದಿನ ಅವನಿಗೆ ನೆನಪಾಯಿತು. ಇಪ್ಪತ್ತು ವರ್ಷದ ಹಿಂದಿನ ಮಾತು. ಹೆಣ ತೊಳೆದು ಬಟ್ಟೆ ತೊಡಿಸುತ್ತಿದ್ದಾಗ ಅತ್ತೆ ಕಾಣಿಸಲಿಲ್ಲ. ಅವಳ ಕೋಳಿಗೂಡಿನ ಬಾಗಿಲು ತೆರೆದಿತ್ತು, ಒಳಗೆ ಒಂದು ಕೋಳಿಯೂ ಇರಲಿಲ್ಲ. ಸಂಜೆ ಹೊತ್ತಿಗೆ ಪಟ್ಟಣದಿಂದ ನಡೆದೇ ಬಂದಳು, ಕಂಕುಳಲ್ಲಿ ಕಾಗದದ ಪೊಟ್ಟಣ. ಹೊಚ್ಚ ಹೊಸ ಬೂಟುಗಳು. "ಮಣ್ಣಿಗೆ ಹೋಗೋ ಕಾಲಿಗೆ ಇಷ್ಟು ಬೆಲೆದಾ?" ಎಂದು ನೆರೆಯವರು ಗೊಣಗಿದ್ದರು. ಸಾಲದ್ದಕ್ಕೆ ಅವು ಅಪ್ಪನ ಕಾಲಿಗೆ ತೀರಾ ದೊಡ್ಡವಾಗಿದ್ದವು, ವೆರೀನಾ ತುದಿಯಲ್ಲಿ ಉಣ್ಣೆ ತುಂಬಲು ಹೋದಾಗ ಅತ್ತೆ ಅವಳ ಕೈ ತಟ್ಟಿ, "ಏನೂ ತುಂಬಬೇಡ. ಹಂಗೇ ಇರಲಿ," ಎಂದಿದ್ದಳು. ಮುದುಕಿಗೆ ಅಳತೆ ಗೊತ್ತಾಗಿಲ್ಲ ಎಂದುಕೊಂಡು ಎಲ್ಲರೂ ಸುಮ್ಮನಾಗಿದ್ದರು.

"ಹತ್ತು ತುಂಬಿದ ಮೇಲೆ ಆಸ್ಪತ್ರೆ ದುಡ್ಡು ನಿಂತುಹೋಯ್ತು," ಅರ್ಜೀಯಾ ಹೇಳುತ್ತಿದ್ದಳು. "ಕೆಲಸ ಮಾಡ್ಕೊಂಡು ಕೊಟ್ಟಿಗೇಲಿ ಮಲಗಿರಲಿ ಅಂದ ಅಪ್ಪ. ಇದ್ದ. ಒಂದು ವರ್ಷ ಕಣ ಮಾಡೋವಾಗ ಪರವೂರ ಕೂಲಿಯವನೊಬ್ಬ, 'ಯಾರ ಮಗನೋ ನೀನು, ಚೆನ್ನಾಗಿ ಕವೆ ಹಾಕ್ತೀಯ' ಅಂದ. ಇವನಿಗೆ ಅದೇನು ಹುಮ್ಮಸ್ಸು ಬಂತೋ. 'ನಾನು ತಬರ್ರೀನಿ ಸಾಂತೆ ಮಗ' ಅಂತ ನಮ್ಮಪ್ಪನ ಹೆಸರು ಹೇಳಿಬಿಟ್ಟ. ಅಪ್ಪ ಹುಲ್ಲಿನ ಬಣವೆಯಿಂದ ಇಳಿದು ಬಂದು ಅಷ್ಟೂ ಜನದ ಮುಂದೆ ಕಪಾಳಕ್ಕೆ ಹೊಡೆದ. 'ನಿನ್ನ ಹೆಸರು ಬೇರೆ. ಹೇಳು' ಅಂದ. ಹೇಳೋವರೆಗೂ ಬಿಡಲಿಲ್ಲ." ಅವಳು ಬೂಟುಗಳನ್ನು ಜೋಡಿಸಿ ನೆಲದ ಮೇಲಿಟ್ಟಳು. "ಆಮೇಲೆ ಅವನು ಅದೊಂದೇ ಹೆಸರು ಹೇಳ್ದ. ಬರೆಯೋಕೆ ಕಲಿತಿದ್ದೂ ಅದೊಂದನ್ನೇ. ಆ ಇಳಿಜಾರಿನ ಕಲ್ಲು ಹೊತ್ತು, ಗೋಡೆ ಕಟ್ಟಿ, ಒಂದೊಂದೇ ಮರ ನೆಟ್ಟು, ನಮ್ಮಣ್ಣಂದಿರು ಮಾರಿಕೊಂಡು ತಿಂದಿದ್ದನ್ನ ತುಂಡು ತುಂಡಾಗಿ ಕೊಂಡ್ಕೊಂಡ. ಪತ್ರದ ಮೇಲೆ, ಏಣಿ ಮೇಲೆ, ಚೀಲದ ಮೇಲೆ, ಎಲ್ಲಾ ಕಡೆ ಅದೇ. ಕೇಳಿದಾಗ ಹೊಡೆದು ಇಲ್ಲ ಅಂದ ಹೆಸರನ್ನ ಈಗ ಅವನ ಮೇಲೆ ಹೊದಿಸೋಕೆ ಹೊರಟಿದೀರಲ್ಲ. ಯಾರನ್ನ ಕೇಳಿ?"

"ಗೊತ್ತಿರಲಿಲ್ಲ ಅತ್ತೆ."

"ಗೊತ್ತಿರಬಾರದು ಅಂತಾನೇ ಅವನೂ ನಾನೂ ಇದ್ವಿ."

ಸಾರು ಆರುತ್ತಿತ್ತು. ಇಬ್ಬರೂ ಮುಟ್ಟಲಿಲ್ಲ. ಎಲ್ಪೀದಿಯೊ, ಹುಡುಗನಿಗೆ ಸೈನ್ಯದಲ್ಲಿ ಆದದ್ದನ್ನು ಹೇಳಿದ. ಫ್ರಾತೀನಿಯ ಬೋರ್ಡಿನ ಮಾತನ್ನೂ ಹೇಳಿದ. ಅರ್ಜೀಯಾ ಟೋಪಿಯ ಮಾತು ಕೇಳಿ ನೆಲದ ಮೇಲಿನ ಬೂಟುಗಳನ್ನು ಮತ್ತೊಮ್ಮೆ ಸರಿಯಾಗಿ ಜೋಡಿಸಿದಳು.

"ಹುಡುಗಂದು ತಪ್ಪಿಲ್ಲ," ಎಂದಳು ಕೊನೆಗೆ. "ಅದಕ್ಕೇ ಹೇಳ್ತೀನಿ ಕೇಳು. ನಾಳೆ ಬೆಳಿಗ್ಗೆ ನನ್ನ ಕೈ ಹಿಡ್ಕೊಂಡು ಕಚೇರಿಗೆ ಕರ್ಕೊಂಡು ಹೋಗು. ತಕರಾರು ನಾನು ಹೇಳ್ತೀನಿ. ಹೆಬ್ಬೆಟ್ಟು ನಾನು ಒತ್ತುತೀನಿ. ನೀನು ಮನೆಗೆ ಬಂದು, 'ಆ ಮುದಿಗೂಬೆ ಕಲ್ಲು ಹಾಕಿದ್ಲು' ಅಂದುಬಿಡು. ನಿನ್ನ ಮಗ ನನ್ನ ಬೈಲಿ, ನಿನ್ನ ಬೀಗ ನನ್ನ ಬೈಲಿ. ಇನ್ನೆರಡು ವರ್ಷ ಇರ್ತೀನೋ ಇಲ್ವೋ. ನಿನ್ನ ಮನೇಲಿ ಜಗಳ ಬೇಡ."

ಎಲ್ಪೀದಿಯೊ ತಲೆಯಾಡಿಸಿದ. ಹೂಂ ಎಂದನೋ ಊಹೂಂ ಎಂದನೋ ಅವನಿಗೇ ತಿಳಿಯಲಿಲ್ಲ. ಅಂಗಳ ದಾಟಿ ಬರುವಾಗ ಎದೆ ಹಗುರವಾದಂತೆ ಇತ್ತು. ಯಾರ ಮೇಲೂ ಭಾರವಿಲ್ಲದ ದಾರಿ. ಮಗನ ಮುಂದೆ ತಾನು ತಪ್ಪಿತಸ್ಥನಲ್ಲ, ಬೀಗರ ಮುಂದೆ ಮಾತಿಗೆ ತಪ್ಪಿದವನಲ್ಲ. ಅಂದು ಸಂಜೆಯವರೆಗೂ ಏಣಿ ಹತ್ತಿ ಇಳಿದು ಉಳಿದ ಮರಗಳನ್ನೆಲ್ಲ ಮುಗಿಸಿದ. ಚೀಲಗಳ ಬಾಯಿ ಕಟ್ಟುವಾಗ ಅಪ್ಪ ಬರೆದ ಅಕ್ಷರಗಳು ಕೈಗೆ ಒರಟಾಗಿ ತಗಲುತ್ತಿದ್ದವು. ಎಲ್ಲ ಅಕ್ಷರಗಳೂ ಬಲಕ್ಕೆ ವಾಲಿದ್ದವು, ಕೊನೆಯದು ಜಾಗ ಸಾಲದೆ ಪ್ರತಿ ಚೀಲದಲ್ಲೂ ಕೆಳಕ್ಕೆ ಇಳಿದಿತ್ತು. ಮೂವತ್ತಾರು ಚೀಲ ಬರೆದರೂ ಆ ಮನುಷ್ಯ ಜಾಗ ಅಂದಾಜು ಮಾಡಲು ಕಲಿತಿರಲಿಲ್ಲ.

ಮಾರನೆಯ ದಿನ ಅವನು ತನ್ನ ಮದುವೆಯ ಕಾಲದ ಬೂಟುಗಳನ್ನು ಹಾಕಿಕೊಂಡ. ಕಚೇರಿಗೆ, ಸಾವಿಗೆ, ಹಬ್ಬಕ್ಕೆ ಅವನ ಹತ್ತಿರ ಇದ್ದದ್ದು ಅದೊಂದೇ ಜೊತೆ; ಪಾದ ಮೂವತ್ತು ವರ್ಷ ಹೊಲದಲ್ಲಿ ಅಗಲವಾಗಿತ್ತು, ಬೂಟು ಆಗಿರಲಿಲ್ಲ. ಗಾಡಿಗೆ ಚೀಲ ಹೇರಿಕೊಂಡು ಮಧ್ಯಾಹ್ನ ಕವಲುದಾರಿಗೆ ಬಾ ಎಂದು ಇಲಾರಿಯೊನಿಗೆ ಹೇಳಿ, ಅತ್ತೆಯ ಕೈ ಹಿಡಿದು ಮೇಲಿನ ಊರಿಗೆ ಹತ್ತಿದ. ಅವಳು ಮೂರು ಕಡೆ ಕುಳಿತು ಸುಧಾರಿಸಿಕೊಂಡಳು.

ಕಚೇರಿಯ ಗುಮಾಸ್ತನ ಹೆಸರು ಬೆವಿಲಾಕ್ವಾ. ನೀರು ಕುಡಿಯುವವನು ಎಂದು ಆ ಹೆಸರಿನ ಅರ್ಥ. ಅವನು ನೀರು ಕುಡಿದದ್ದನ್ನು ಮಾತ್ರ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಕೆಂಪು ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು, "ಏನು ಸವಾರಿ ಬಂತು?" ಎಂದ.

ಅರ್ಜೀಯಾ ಶಾಲಿನೊಳಗಿನಿಂದ ಹೆಬ್ಬೆರಳನ್ನು ಆಗಲೇ ಹೊರಗೆ ತೆಗೆದಿದ್ದಳು. "ಬೋರ್ಡಿನ ಮೇಲಿರೋ ಕಾಗದದ ವಿಷಯ..."

"ಅತ್ತೆ, ತಡಿ," ಎಂದ ಎಲ್ಪೀದಿಯೊ. ಮೆಟ್ಟಿಲು ಹತ್ತುವಾಗಲೂ ಅವನು ಇದನ್ನು ಯೋಚಿಸಿರಲಿಲ್ಲ. ಬಿಗಿದ ಬೂಟಿನಲ್ಲಿ ನಿಂತು ನಿಂತು ಕಾಲಿನ ಬೆರಳು ಮರಗಟ್ಟಿತ್ತು. ಅಷ್ಟೇ ಅವನಿಗೆ ಗೊತ್ತಿದ್ದದ್ದು. "ಇವಳದೇನೂ ತಕರಾರಿಲ್ಲ. ನನ್ನ ಸಹಿ ನಾನು ಹಿಂದಕ್ಕೆ ತಗೋತೀನಿ."

ಗುಮಾಸ್ತ ಕನ್ನಡಕ ಇಳಿಸಿದ. "ಆರು ತಿಂಗಳು ಓಡಾಡಿಸಿ ಈಗ? ಯಾಕಂತೆ?"

"ನಮ್ಮಪ್ಪ ಬರೆಯೋಕೆ ಕಲಿತಿದ್ದು ಅದೊಂದೇ ಹೆಸರು."

"ಮಗಂದು?"

"ಅವನ ಸಹಿ ಅವನದು. ಅವನೇ ಹೇಳಬೇಕು."

ಗುಮಾಸ್ತ ಮತ್ತೇನೋ ಕೇಳಲು ಹೋಗಿ, ಮುದುಕಿಯ ಮುಖ ನೋಡಿ, ಕಪಾಟಿನಿಂದ ಕಾಗದ ತೆಗೆದ. ಅರ್ಜೀಯಾ ಹೆಬ್ಬೆರಳನ್ನು ನಿಧಾನವಾಗಿ ಶಾಲಿನೊಳಗೆ ಎಳೆದುಕೊಂಡಳು. ಹೊರಗೆ ಬಂದ ಮೇಲೆ, "ದಡ್ಡ," ಎಂದಳು. "ಪುಕ್ಕಟೆ ಬೈಗುಳ ತಿನ್ನೋಳು ನಾನಿದ್ದೆ." ಆದರೆ ಇಳಿಜಾರಿನುದ್ದಕ್ಕೂ ಅವನ ತೋಳನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು.

ಕವಲುದಾರಿಯಲ್ಲಿ ಇಲಾರಿಯೊ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅತ್ತೆಯನ್ನು ಚೀಲಗಳ ನಡುವೆ ಕೂರಿಸಿ ಅಪ್ಪ, ಮಗ ಎತ್ತುಗಳ ಪಕ್ಕದಲ್ಲಿ ನಡೆದರು. ಎಲ್ಪೀದಿಯೊ ಮೊದಲು ತಾನು ಮಾಡಿದ್ದನ್ನು ಹೇಳಿದ. ಇಲಾರಿಯೊ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಆಮೇಲೆ ಎಲ್ಪೀದಿಯೊ ಬೂಟಿನ ಕಥೆ ಹೇಳಿದ, ಕಣದ ಕಥೆ ಹೇಳಿದ. ಅವನಿಗೆ ಅತ್ತೆಯ ಹಾಗೆ ಹೇಳಲು ಬರುತ್ತಿರಲಿಲ್ಲ. ಹಿಂದು ಮುಂದಾಗುತ್ತಿತ್ತು, ಉಗುರಿನ ಮಾತು ಮರೆತು ಆಮೇಲೆ ಸೇರಿಸಿದ. ಗಾಡಿಯ ಮೇಲಿನಿಂದ ಅರ್ಜೀಯಾ ತಿದ್ದಲಿಲ್ಲ. ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದ್ದಳು.

ಸೇತುವೆ ದಾಟಿದ ಮೇಲೆ ಇಲಾರಿಯೊ ಒಂದೇ ಮಾತು ಕೇಳಿದ. "ನನ್ನ ಕೇಳಿ ಮಾಡಬಹುದಿತ್ತಲ್ಲ ಅಪ್ಪ?"

"ಹೌದು," ಎಂದ ಎಲ್ಪೀದಿಯೊ. "ಅದೊಂದು ನನಗೆ ಬರೋದಿಲ್ಲ. ಅತ್ತೆಯನ್ನೂ ಕೇಳಿರಲಿಲ್ಲ."

ಗಾಣದಲ್ಲಿ ಕಲ್ಲು ತಿರುಗುತ್ತಿತ್ತು. ಹಸಿ ಎಣ್ಣೆಯ ಘಾಟು ಬಾಗಿಲಿನಲ್ಲೇ ಮೂಗಿಗೆ ಹೊಡೆಯಿತು. ಒಲೆಯ ಸುತ್ತ ಸರದಿ ಕಾಯುವ ನಾಲ್ಕೈದು ಜನ ರೊಟ್ಟಿಯ ಹೋಳು ಸುಟ್ಟು ಬೆಳ್ಳುಳ್ಳಿ ಉಜ್ಜುತ್ತಿದ್ದರು. ಫ್ರಾತೀನಿ ಮೊಣಕೈವರೆಗೂ ಎಣ್ಣೆಯಾಗಿದ್ದ ಕೈಯನ್ನು ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಒರೆಸಿಕೊಳ್ಳುತ್ತ ಎದುರು ಬಂದ.

"ಬನ್ನಿ ಬೀಗರೇ! ಬೋರ್ಡಿನ ಮೇಲೆ ನೋಡ್ದೆ. ಇನ್ನು ಮೂವತ್ತು ದಿನ ಅಷ್ಟೇ."

"ನಾನು ನನ್ನ ಸಹಿ ವಾಪಸ್ ತಗೊಂಡೆ ಬೀಗರೇ," ಎಂದ ಎಲ್ಪೀದಿಯೊ. ಒಲೆಯ ಸುತ್ತಲಿನವರು ಇತ್ತ ತಿರುಗಿದರು. "ಹುಡುಗಂದು ಇನ್ನೂ ಇದೆ. ನಂದು ಇಲ್ಲ. ಮುಂಚೆ ಒಪ್ಪಿ ಈಗ ತಪ್ಪಿದೋನು ನಾನು. ನಿಮ್ಮ ಮುಂದೆ ನಿಂತೇ ಹೇಳ್ಬೇಕು ಅನ್ನಿಸ್ತು."

ಫ್ರಾತೀನಿಯ ಮುಖ ಕೆಂಪಾಯಿತು. "ಇದೇನು ಮಕ್ಕಳಾಟಾನಾ? ನಾಳೆ ನನ್ನ ಮೊಮ್ಮಕ್ಕಳನ್ನ ಜನ..."

"ಸೆತ್ತೀಮಿಯೊ," ಬಾಗಿಲಿನಿಂದ ಅರ್ಜೀಯಾಳ ದನಿ ಬಂತು. ಇಲಾರಿಯೊ ಅವಳನ್ನು ಗಾಡಿಯಿಂದ ಇಳಿಸಿ ಒಳಗೆ ತರುತ್ತಿದ್ದ. "ಫ್ರಾತೀನಿ ಅಂದ್ರೆ ಮರಿ ಸನ್ಯಾಸಿಗಳು ಅಂತ ತಾನೆ? ಸನ್ಯಾಸಿಗಳಿಗೆ ಮರಿ ಎಲ್ಲಿಂದ ಬಂದ್ವಪ್ಪ? ನಿಮ್ಮಜ್ಜೀನ ಕೇಳ್ಬೇಕು ಅಂತ ಅರವತ್ತು ವರ್ಷದಿಂದ ಅಂದ್ಕೊಂಡಿದ್ದೆ. ಪಾಪ, ಹೋಗ್ಬಿಟ್ಲು."

ಒಲೆಯ ಹತ್ತಿರ ಯಾರೋ ಕೆಮ್ಮಿದರು, ಯಾರೋ ರೊಟ್ಟಿ ಗಂಟಲಿಗೆ ಸಿಕ್ಕಿಸಿಕೊಂಡರು. ಆಮೇಲೆ ತಡೆಯಲಾಗದೆ ಎಲ್ಲರೂ ನಕ್ಕರು. ಫ್ರಾತೀನಿ ನಗಲಿಲ್ಲ, ಆದರೆ ಹೇಳಲು ಹೊರಟಿದ್ದನ್ನು ಮುಂದುವರಿಸಲೂ ಇಲ್ಲ. ಗಾಣದ ಕಲ್ಲಿನ ಕಡೆ ತಿರುಗಿ, "ಸರದಿ ತಪ್ಪಿಸ್ಬೇಡಿ, ಚೀಲ ಇಳಿಸಿ," ಎಂದಷ್ಟೇ ಗದರಿದ.

ಇಲಾರಿಯೊ ಚೀಲಗಳನ್ನು ಒಂದೊಂದಾಗಿ ಹೆಗಲಿಗೇರಿಸಿಕೊಂಡು ಬಂದು ಗೋಡೆಗೆ ಒರಗಿಸಿಟ್ಟ. ಯಾರ ಕಾಯಿ ಎಂದು ತಿಳಿಯಲು ಪ್ರತಿ ರಾಶಿಯ ಮುಂದೆ ಒಂದು ಪಾಟಿ ನೇತುಹಾಕುವುದು ಅಲ್ಲಿನ ರೂಢಿ. ಒಬ್ಬರ ಎಣ್ಣೆ ಇನ್ನೊಬ್ಬರದಕ್ಕೆ ಸೇರಿದರೆ ಊರಿನಲ್ಲಿ ಅದಕ್ಕಿಂತ ದೊಡ್ಡ ಜಗಳವಿಲ್ಲ. ದಿಯೊಮೀರಾ ಪಾಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣ ಹಿಡಿದು ನಿಂತಿದ್ದಳು. ಅಪ್ಪನ ಕಡೆ ನೋಡಲಿಲ್ಲ, ಎಲ್ಪೀದಿಯೊನ ಕಡೆಯೂ ನೋಡಲಿಲ್ಲ.

"ಏನಂತ ಬರೀಲಿ?" ಎಂದು ಇಲಾರಿಯೊನನ್ನು ಕೇಳಿದಳು.

ಅವನು ಕೊನೆಯ ಚೀಲವನ್ನು ಹೆಗಲಿನಿಂದ ಇಳಿಸುತ್ತಿದ್ದ. ಇಳಿಸಿ, ನೆಟ್ಟಗೆ ನಿಂತು, ಬೆವರು ಒರೆಸಿಕೊಂಡ. ಅವನು ಬಗ್ಗಿ ಆ ಚೀಲವನ್ನು ಬರಹ ಕಾಣುವ ಹಾಗೆ ಮುಂದಕ್ಕೆ ತಿರುಗಿಸಿಟ್ಟ.

"ಚೀಲದ ಮೇಲೆ ಇದೆಯಲ್ಲ," ಎಂದ. "ಅದನ್ನೇ ಬರಿ."

ಅವನ ದನಿಯಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ. ಅಪ್ಪನ ಕಡೆ ನೋಡದೆ ಗಾಡಿ ತಿರುಗಿಸಲು ಹೊರಗೆ ಹೋದ. ದಿಯೊಮೀರಾ ಬರೆದಳು. ಶಾಲೆ ಕಲಿತ ಹುಡುಗಿ. ಅಕ್ಷರಗಳು ನೆಟ್ಟಗಿದ್ದವು, ಕೊನೆಯದಕ್ಕೂ ಜಾಗ ಉಳಿದಿತ್ತು. ಫ್ರಾತೀನಿ ದೂರದಿಂದಲೇ ಪಾಟಿಯನ್ನು ಓದಿ, ಏನೋ ಗೊಣಗಿ, ಮೊದಲ ಚೀಲದ ಬಾಯಿ ಬಿಚ್ಚಿ ಕಲ್ಲಿನ ಕೆಳಗೆ ಸುರಿದ.

ಸಂಜೆಗತ್ತಲಿಗೆ ಎಣ್ಣೆ ಬಂತು, ಮೊದಲು ಹನಿಹನಿಯಾಗಿ, ಆಮೇಲೆ ಹಸಿರು ದಾರದ ಹಾಗೆ. ಹೊಸ ಎಣ್ಣೆ ಸುರಿದ ರೊಟ್ಟಿಯ ಮೊದಲ ಹೋಳು ಅರ್ಜೀಯಾಳಿಗೆ ಕೊಟ್ಟರು. ಅವಳು ಹಲ್ಲಿಲ್ಲದ ಬಾಯಲ್ಲಿ ಅದನ್ನು ಬಹಳ ಹೊತ್ತು ಆಡಿಸಿ, "ಉಪ್ಪು ಕಮ್ಮಿ. ಎಣ್ಣೆಗೆ ಹೆಸರಿಡೋ ಹಂಗಿಲ್ಲ," ಎಂದಳು.

ಎಲ್ಪೀದಿಯೊ ಅವಳ ಪಕ್ಕದ ಬೆಂಚಿನಲ್ಲಿ ಕುಳಿತು ಬೂಟಿನ ದಾರ ಬಿಚ್ಚಿದ. ಎರಡೂ ಬೂಟು ಕಳಚಿ ಬದಿಗಿಟ್ಟು, ಬಿಳಿಚಿಕೊಂಡಿದ್ದ ಕಾಲುಗಳನ್ನು ಒಲೆಯ ಕಡೆ ಚಾಚಿದ. ಅತ್ತೆ ಒಮ್ಮೆ ಆ ಪಾದಗಳನ್ನು ನೋಡಿದಳು. ನೋಡಿ, ತನ್ನ ಕೈಯಲ್ಲಿ ಉಳಿದಿದ್ದ ಅರ್ಧ ಹೋಳನ್ನು ಅವನ ಕೈಗಿಟ್ಟಳು. ಮಡಿಸಿಕೊಂಡಿದ್ದ ಬೆರಳುಗಳು ಶಾಖಕ್ಕೆ ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದವು.